ನಾಲ್ಕನೇ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ

ಗ್ರಂಥಾಲಯಗಳ ನಿರ್ದೇಶಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಕಚೇರಿ ನಲವತ್ತಮೂರು ಕಾದಂಬರಿಗಳನ್ನು ‘ಐತಿಹಾಸಿಕವಲ್ಲ’ ಎಂದು ತೀರ್ಮಾನಿಸಿ ಕಪಾಟಿನಿಂದ ಇಳಿಸಿದೆ. ಅವು ಈಗ ಕೇಂದ್ರ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಗೋಣಿಚೀಲಗಳಲ್ಲಿ ಇವೆ. ತಿಂಗಳ ಕೊನೆಗೆ ರದ್ದಿ ಕಾಗದದ ಲಾರಿ ಬರುತ್ತದೆಯಂತೆ. ಅವುಗಳಲ್ಲಿ ಒಂದು ಪುಸ್ತಕ ನನಗೆ ಬೇಕು. ಅದನ್ನು ಗೋಣಿಚೀಲಕ್ಕೆ ಕಳಿಸಿದ್ದು ನಾನೇ. ಆದ್ದರಿಂದಲೇ, ನಾಲ್ಕು ಜನರ ಮುಂದೆ ಮಾತಾಡಲು ಹಿಂಜರಿಯುವ ನಾನು, ನಾಲ್ಕು ಜನ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಸುತ್ತೋಲೆಯನ್ನು ಮೂರು ಬಾರಿ ಓದಿದ್ದೇನೆ. ಕಾದಂಬರಿಯೊಂದು ಐತಿಹಾಸಿಕ ಎನಿಸಿಕೊಳ್ಳಬೇಕಾದರೆ ಅದರ ಕಥೆ ಬರೆದವರು ಹುಟ್ಟುವ ಮೊದಲೇ ನಡೆದಿರಬೇಕು. ದಾಖಲೆಯಲ್ಲಿರುವ ಘಟನೆಯೊಂದಾದರೂ ಅದರಲ್ಲಿ ಬರಬೇಕು. ಓದುಗರಿಂದ ಬಂದ ಲಿಖಿತ ಆಕ್ಷೇಪಗಳು ಮೂರನ್ನು ಮೀರಿರಬಾರದು. ಮೀರಿದರೆ ಅದು ಬರಿಯ ಕಾದಂಬರಿ. ಬರಿಯ ಕಾದಂಬರಿಗಳ ಕಪಾಟಿನಲ್ಲಿ ಜಾಗವಿಲ್ಲ, ಆದ್ದರಿಂದ ನೆಲಮಾಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದನ್ನು ಕೇಳಿದ್ದೆ. ಕಪಾಟು ಸಾಲದಿದ್ದರೆ ಇತಿಹಾಸವನ್ನೇ ಕಡಿಮೆ ಮಾಡುವುದನ್ನು ಈಗ ನೋಡಿದೆ.

ಈ ನಿಯಮದ ಸೊಗಸು ತಮ್ಮ ಗಮನಕ್ಕೆ ಬಂದಿದೆಯೇ? ಯಾರೂ ಓದದ ಪುಸ್ತಕದ ಮೇಲೆ ಯಾರೂ ಆಕ್ಷೇಪ ಬರೆಯುವುದಿಲ್ಲ. ಹೀಗಾಗಿ, ಒಂದೇ ಅಧ್ಯಾಯದಲ್ಲಿ ರಾಜನೊಬ್ಬ ಎರಡು ಕುದುರೆಗಳ ಮೇಲೆ ಒಂದೇ ಯುದ್ಧಕ್ಕೆ ಹೋಗುವ ದಪ್ಪ ಪುಸ್ತಕವೊಂದು ನಿಮ್ಮ ಕಪಾಟಿನಲ್ಲಿ ನಿಷ್ಕಳಂಕವಾಗಿ ನಿಂತಿದೆ. ಆ ಅಧ್ಯಾಯದಾಚೆಯ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ. ಮನಸ್ಸಿಟ್ಟು ಓದಿದ ಪುಸ್ತಕಗಳು ಮಾತ್ರ ಗೋಣಿಚೀಲ ಸೇರಿವೆ. ಓದುವವರನ್ನು ಬೆಳೆಸಬೇಕಾದ ಸಂಸ್ಥೆ ಓದಿಗೆ ಇದಕ್ಕಿಂತ ಅಚ್ಚುಕಟ್ಟಾದ ದಂಡವನ್ನು ವಿಧಿಸಲಾರದು.

ಇನ್ನು ನನ್ನ ತಪ್ಪೊಪ್ಪಿಗೆ. ಮೂವತ್ತೊಂದು ವರ್ಷ ನಾನು ಭೂಮಾಪನ ಕಚೇರಿಯಲ್ಲಿ ಬೇರೆಯವರು ಬಿಡಿಸಿದ ನಕ್ಷೆಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ ಮಾಡಿದೆ. ಆ ಚಾಳಿ ಸಂಜೆಯ ಓದಿಗೂ ಅಂಟಿಕೊಂಡಿತು. ನಾನು ಓದುವುದು ಹೆಚ್ಚಾಗಿ ಅನುವಾದಗಳನ್ನು, ಅದರಲ್ಲೂ ಹಿಂದಿನ ಕಾಲದ ಕಥೆಗಳನ್ನು. ಓದುತ್ತ ಕಂಡ ತಪ್ಪುಗಳನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಪುಸ್ತಕದ ಹಿಂಬದಿಯ ಲಕೋಟೆಯಲ್ಲಿಯೂ ಇನ್ನೊಂದನ್ನು ಕೌಂಟರಿನ ಸಲಹಾ ಪೆಟ್ಟಿಗೆಯಲ್ಲಿಯೂ ಹಾಕುತ್ತಿದ್ದೆ. ಮುಂದಿನ ಓದುಗರಿಗೆ ಅನುಕೂಲವಾಗಲಿ ಎಂಬುದಷ್ಟೇ ಉದ್ದೇಶ. ಪೆಟ್ಟಿಗೆಯನ್ನು ಯಾರಾದರೂ ತೆರೆಯುತ್ತಾರೆ ಎಂದು ನನಗೆ ಅನಿಸಿರಲಿಲ್ಲ. ಹನ್ನೊಂದು ವರ್ಷಗಳ ಮೇಲೆ ನೀವು ತೆರೆದಿರಿ. ಬೆರಳು ಕೊಟ್ಟೆ, ಹಸ್ತ ನುಂಗಿದಿರಿ.

ತಪ್ಪುಗಳಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ವಿದ್ಯುತ್ತೇ ಇಲ್ಲದ ಕಾಲದಲ್ಲಿ ಹಚ್ಚಿದ ವಿದ್ಯುದ್ದೀಪ ನನ್ನ ಕಣ್ಣಿಗೆ ಈಗಲೂ ಚುಚ್ಚುತ್ತದೆ. ಆದರೆ ನನಗೆ ಪ್ರಿಯವಾದ ಐತಿಹಾಸಿಕ ಕಾದಂಬರಿಗಳನ್ನು ನೆನೆಸಿಕೊಂಡರೆ ಅವು ಪ್ರಿಯವಾದದ್ದು ದೀಪಗಳು ಸರಿಯಾಗಿದ್ದುದಕ್ಕಲ್ಲ. ಒಂದರಲ್ಲಿ ಪಿಡುಗಿನ ವರ್ಷ ಬಟ್ಟೆ ಒಗೆಯುವ ಹೆಂಗಸೊಬ್ಬಳು ಸತ್ತವರ ಅಂಗಿಗಳನ್ನು ಮಡಿಸಿಟ್ಟುಕೊಂಡು, ಯಾರ ಮನೆಗೆ ಕೊಡುವುದೆಂದು ತಿಳಿಯದೆ ಬೀದಿ ಬೀದಿ ಅಲೆಯುತ್ತಾಳೆ. ಇನ್ನೊಂದರಲ್ಲಿ ಮುತ್ತಿಗೆಗೆ ಸಿಕ್ಕಿದ ಊರಿನ ಗಡಿಯಾರದವನು, ಕೇಳುವ ಗಿರಾಕಿಗಳೇ ಇಲ್ಲದಿದ್ದರೂ, ರಿಪೇರಿಗೆ ಬಂದ ಗಡಿಯಾರಗಳಿಗೆಲ್ಲ ದಿನಾ ಕೀಲಿ ಕೊಡುತ್ತಾನೆ. ರಾಜರು ಈ ಪುಸ್ತಕಗಳಲ್ಲಿ ಸುದ್ದಿಯಾಗಿ ಬರುತ್ತಾರೆ, ನಮ್ಮ ಬದುಕಿನಲ್ಲಿ ಬರುವ ಹಾಗೆ. ತಾನು ಇತಿಹಾಸದೊಳಗಿದ್ದೇನೆ ಎಂಬುದು ಆ ಬಟ್ಟೆ ಒಗೆಯುವವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಅಂಗಿಗಳು. ಐತಿಹಾಸಿಕ ಎಂಬ ಮಾತಿಗೆ ನಾನು ಇಷ್ಟು ಕಾಲ ಕೊಟ್ಟುಕೊಂಡಿದ್ದ ಅರ್ಥ ಇದು. ಅದೂ ಅರ್ಧ ಮಾತ್ರ ಎಂದು ತಿಳಿದದ್ದು ಈ ವರ್ಷ.

ನಾನು ಕೇಳುತ್ತಿರುವ ಪುಸ್ತಕ ಬೇರೊಂದು ದೇಶದ, ನೂರೈವತ್ತು ವರ್ಷಗಳ ಹಿಂದಿನ ಬಟ್ಟೆಗಿರಣಿಯೊಂದರ ಕಥೆ. ಕೆಲಸಗಾರ ಹೆಂಗಸರ ಮುಷ್ಕರ ಅದರ ವಸ್ತು. ನಮ್ಮ ಭಾಷೆಗೆ ಬಂದದ್ದು ಒಂದೇ ಸಲ, ಅಚ್ಚಾದದ್ದು ಒಂದೇ ಸಲ. ಈ ಊರಿನಲ್ಲಿರುವುದು ಒಂದೇ ಪ್ರತಿ. ಕೆಲವು ವರ್ಷಗಳ ಹಿಂದೆ ಮೊದಲ ಸಲ ಓದಿದಾಗ ಅದರ ಮೇಲೆ ನಾನು ನಾಲ್ಕು ಆಕ್ಷೇಪ ಬರೆದಿದ್ದೆ. ಒಂದು, ಎರಡನೇ ಅಧ್ಯಾಯದಲ್ಲಿ ಉರಿಯುವ ವಿದ್ಯುದ್ದೀಪ ಹನ್ನೆರಡು ವರ್ಷ ಮುಂಚೆ ಬಂದಿದೆ. ಎರಡು, ಮುಷ್ಕರದ ದಿನ ಮಂಗಳವಾರವಲ್ಲ, ಗುರುವಾರ. ಮೂರು, ಆ ಊರಿಗೆ ಆಗ ರೈಲಿರಲಿಲ್ಲ. ನಾಲ್ಕು, ನನ್ನ ಮಾತಿನಲ್ಲೇ ಹೇಳಬೇಕೆಂದರೆ, “ಮಗ್ಗಗಳ ಸದ್ದಿನಲ್ಲಿ ಹೆಂಗಸರು ದನಿಯಿಲ್ಲದೆ ತುಟಿಯಾಡಿಸಿ ದೂರದಿಂದಲೇ ಮಾತಾಡಿಕೊಳ್ಳುವುದಕ್ಕೆ ಆ ಕಾಲದ ಯಾವ ದಾಖಲೆಯಲ್ಲೂ ಆಧಾರ ಕಾಣಲಿಲ್ಲ. ಲೇಖಕರ ಕಲ್ಪನೆ ಇರಬೇಕು.”

ಮೊದಲ ಮೂರಕ್ಕೆ ನಾನು ಇಂದಿಗೂ ಬದ್ಧ.

ನನ್ನ ತಾಯಿಗೆ ಈಗ ಎಂಬತ್ತು. ನಾನು ಹುಟ್ಟುವ ಮೊದಲಿನಿಂದ ಹಿಡಿದು ನಾನು ಶಾಲೆಗೆ ಸೇರುವವರೆಗೆ ಅವಳು ಗಿರಣಿಯಲ್ಲಿ ನೇಯುತ್ತಿದ್ದಳು. ಕಿವಿ ಅಲ್ಲಿಯೇ ಹೋಯಿತು. ಆ ದಿನಗಳ ಬಗ್ಗೆ ಕೇಳಿದರೆ, “ಬರೀ ಸದ್ದು ಕಣೋ, ಅದ್ರಲ್ಲಿ ಹೇಳೋಕೇನಿದೆ” ಎನ್ನುತ್ತಿದ್ದಳು. ನಾವು ಮನೆಯಲ್ಲಿ ಮುಖ ನೋಡಿಕೊಂಡೇ ಮಾತಾಡಿದವರು. ಎಲ್ಲರ ಅಮ್ಮಂದಿರೂ ಮಕ್ಕಳ ತುಟಿಯನ್ನೇ ನೋಡುತ್ತಾರೆ ಎಂದು ನಾನು ತುಂಬಾ ದಿನ ತಿಳಿದಿದ್ದೆ. ಕಿವುಡಿನಿಂದ ಬಂದ ಅಭ್ಯಾಸ ಎಂದು ಆಮೇಲೆ ತಿಳಿದೆ. ಎರಡೂ ತಪ್ಪು.

ಕಳೆದ ವರ್ಷ ಅವಳ ಕಣ್ಣೂ ಮಂಜಾಗತೊಡಗಿತು. ಅಚ್ಚಿನ ಅಕ್ಷರ ಹೋಯಿತು. ಹತ್ತಿರ ಕೂತವರ ಮುಖ ಉಳಿದಿದೆ. ಅದು ಎಷ್ಟು ದಿನ ಎಂದು ಕೇಳಿದ್ದಕ್ಕೆ ಕಣ್ಣಿನ ಡಾಕ್ಟರು, “ಮುಂದಿನ ವರ್ಷದ ಮಾತು ಈಗ್ಲೇ ಬೇಡ” ಎಂದರು. ಅಂದಿನಿಂದ ಮಧ್ಯಾಹ್ನದ ಹೊತ್ತು, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕೂತು ಅವಳಿಗೆ ಓದುತ್ತೇನೆ. ಮೊದಲ ದಿನವೇ ತಕರಾರು ಬಂತು.

“ಪುಸ್ತಕ ಕೆಳಗಿಡು, ಬಾಯಿ ಕಾಣ್ಸಲ್ಲ.”

ಕೆಳಗಿಟ್ಟೆ.

“ಆ ಮೀಸೆ ತೆಗಿ. ಅರ್ಧ ಮಾತು ಅದ್ರಲ್ಲೇ ಸಿಕ್ಕಾಕ್ಕೊಳ್ತಿದೆ.”

ಮೂವತ್ತೈದು ವರ್ಷದ ಮೀಸೆ ಅದು. ಮರುದಿನ ತೆಗೆದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, “ಅಪ್ಪನ ಹಾಗೆ ಕಾಣ್ತಿದ್ದೆ, ಈಗ ನನ್ನ ಹಾಗೆ ಕಾಣ್ತೀಯ. ಹೋಗ್ಲಿ ಬಿಡು, ಓದು” ಎಂದಳು.

ಗಿರಣಿಯ ಪುಸ್ತಕವನ್ನು ಆರಿಸಿದ್ದು ಅವಳೇ. ಒಂಬತ್ತನೇ ಅಧ್ಯಾಯಕ್ಕೆ ಬಂದಾಗ, ಕಥೆಯ ಹುಡುಗಿ ಎರಡು ಸಾಲು ಮಗ್ಗಗಳ ಆಚೆಗಿರುವ ಗೆಳತಿಗೆ ತುಟಿಯಲ್ಲೇ ಮದುವೆಯ ಸುದ್ದಿ ಹೇಳುತ್ತಾಳೆ. ಅಮ್ಮ ಜೋರಾಗಿ ನಕ್ಕಳು.

“ಇದನ್ನ ಬರ್ದೋರು ಗಿರಣೀಲಿದ್ರೇನೋ?”

“ಇಲ್ಲಮ್ಮ, ಮೇಷ್ಟ್ರಂತೆ. ಆ ಗಿರಣಿ ಮುಚ್ಚಿದ ಎಷ್ಟೋ ವರ್ಷದ ಮೇಲೆ ಹುಟ್ಟಿದೋರು.”

“ಹಂಗಾದ್ರೆ ಯಾರೋ ಅಜ್ಜಿ ಹೇಳಿರ್ಬೇಕು. ಇದು ಕೂತು ಯೋಚ್ನೆ ಮಾಡಿ ಬರ್ಯೋಕಾಗಲ್ಲ. ನಾವು ಮಾತಾಡ್ತಿದ್ದದ್ದೇ ಹೀಗೆ.”

ಅವಳು ಮುಂದುವರಿಸಿದಳು: “ಕಿವಿ ಹೋದ್ಮೇಲೆ ಕಲ್ತಿದ್ದು ಅಂದ್ಕೊಂಡಿದ್ಯಾ? ಕಿವಿ ಇದ್ದಾಗ್ಲೇ ಕಲ್ತಿದ್ದು. ಮುನ್ನೂರು ಮಗ್ಗ ಓಡ್ತಿರ್ವಾಗ ಕಿವಿ ಇದ್ರೇನು, ಬಿಟ್ರೇನು?” ಆಮೇಲೆ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿಯಿಲ್ಲದೆ, ತುಟಿಯನ್ನು ಅಗಲ ಮಾಡಿ ಏನೋ ಹೇಳಿದಳು. ಅಷ್ಟು ದೂರದಿಂದಲೂ ಸ್ಪಷ್ಟವಾಗಿ ತಿಳಿಯಿತು: ಇವತ್ತಿನ ಅಡುಗೆಗೆ ಉಪ್ಪು ಜಾಸ್ತಿ ಹಾಕಿದ್ದೀಯ.

ಮಾನ್ಯರೇ, ದೀಪದ ಕೆಳಗೆ ಕತ್ತಲೆ ಎಂಬ ಮಾತನ್ನು ನಾನು ಬೇರೆಯವರಿಗೆ ಹೇಳಿದ್ದೇ ಹೆಚ್ಚು. ಮೂರು ಸಂಪುಟಗಳ ಕೈಗಾರಿಕಾ ಇತಿಹಾಸದಲ್ಲಿ ನಾನು ಹುಡುಕಿ ಕಾಣದ ಆಧಾರ ಐವತ್ತು ವರ್ಷ ನನ್ನೆದುರು ಕೂತು ಊಟ ಮಾಡುತ್ತಿತ್ತು. ದನಿಯಿಲ್ಲದ ಮಾತಿಗೆ ದಾಖಲೆ ಹೇಗಿರುತ್ತದೆ? ದಾಖಲೆ ಬರೆಯುವವರಿಗೆ ಕೇಳಿಸದಿರಲಿ ಎಂದೇ ಆಡಿದ ಮಾತು ಅದು. ಐತಿಹಾಸಿಕ ಕಾದಂಬರಿಯ ಇನ್ನರ್ಧ ಅರ್ಥ ಅಲ್ಲಿದೆ ಎಂದು ನನಗೆ ಅಂದು ತೋರಿತು. ದಾಖಲೆಯಲ್ಲಿರುವುದನ್ನು ಇತಿಹಾಸಕಾರರು ನೋಡಿಕೊಳ್ಳುತ್ತಾರೆ. ಇದ್ದೂ ದಾಖಲಾಗದೆ ಹೋದದ್ದನ್ನು, ಯಾರೋ ಅಜ್ಜಿ ಹೇಳಿದ್ದನ್ನು, ಇನ್ನೆಲ್ಲಿ ಇಡುವುದು?

ಅಂದೇ ಲಕೋಟೆಯ ಚೀಟಿ ತೆಗೆದು ನಾಲ್ಕನೇ ಆಕ್ಷೇಪವನ್ನು ಹೊಡೆದು ಹಾಕಿ, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ. ನಮ್ಮ ಇಲಾಖೆಯ ಪದ್ಧತಿ ಹಾಗೆ. ನಿಮ್ಮ ಪೆಟ್ಟಿಗೆಗೆ ಬಿದ್ದಿದ್ದ ಇನ್ನೊಂದು ಪ್ರತಿ ನೆನಪಾಗಲಿಲ್ಲ.

ಹದಿನಾಲ್ಕನೇ ಅಧ್ಯಾಯದ ಕೊನೆಯಲ್ಲಿ ಆ ಹುಡುಗಿ ಮುಷ್ಕರದ ದಿನವನ್ನು ತುಟಿಯಲ್ಲೇ ಗೆಳತಿಗೆ ತಿಳಿಸುತ್ತಾಳೆ. ಕಂಬದ ಪಕ್ಕ ಮೇಸ್ತ್ರಿ ನಿಂತಿದ್ದಾನೆ, ಅವಳ ಬಾಯಿಯನ್ನೇ ನೋಡುತ್ತಿದ್ದಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಅಮ್ಮ ಕೈ ಎತ್ತಿ ನಿಲ್ಲಿಸಿದಳು. ಅವಳ ಗಿರಣಿಯ ಮೇಸ್ತ್ರಿಯೂ ತುಟಿ ಓದಲು ಕಲಿತಿದ್ದನಂತೆ. ಅದಕ್ಕೇ ಮುಖ್ಯವಾದ ಮಾತಿಗೆ ಬಾಯಿಯ ಒಂದು ಪಕ್ಕ ಕೈ ಅಡ್ಡ ಇಡುತ್ತಿದ್ದರಂತೆ. ಯಂತ್ರಕ್ಕೆ ಬೆರಳು ಕೊಟ್ಟ ಒಬ್ಬಳ ಪರವಾಗಿ ಮರುದಿನ ಎಲ್ಲರೂ ಮಗ್ಗ ನಿಲ್ಲಿಸುವುದೆಂದು ಮಾತಾಗಿತ್ತು. ಮರುದಿನ ಬೆಳಿಗ್ಗೆ, ಮೊದಲು ಮಗ್ಗ ನಿಲ್ಲಿಸಬೇಕಿದ್ದ ಮೂವರನ್ನು ಗೇಟಿನಲ್ಲೇ ತಡೆದು ಮನೆಗೆ ಕಳಿಸಿದರು. ಮತ್ತೆ ಒಳಗೆ ಬಿಡಲಿಲ್ಲ.

“ಆ ಮೂರು ಜನರ ಹೆಸ್ರು ಹೇಳಿದ್ದು ನಾನು. ಎದ್ರು ಮಗ್ಗದೋಳಿಗೆ. ಕೈ ಅಡ್ಡ ಇಟ್ಟಿದ್ನೋ ಇಲ್ವೋ ಜ್ಞಾಪ್ಕ ಇಲ್ಲ ಕಣೋ. ಇವತ್ತಿಗೂ ಜ್ಞಾಪ್ಕ ಇಲ್ಲ.”

ಆಮೇಲೆ ಪುಸ್ತಕದ ಕಡೆ ಕೈ ತೋರಿಸಿ ಕೇಳಿದಳು: “ಈ ಕತೇಲಿ ಅವನಿಗೆ ಗೊತ್ತಾಯ್ತಾ?”

“ನಾಳೆ ಓದೋಣ” ಎಂದೆ. ಅವಳಿಗೆ ಸುಸ್ತಾಗಿತ್ತು. ಮರುದಿನ ಪುಸ್ತಕದ ಅವಧಿ ಮುಗಿಯುತ್ತಿತ್ತು, ನವೀಕರಿಸಲು ಒಯ್ದೆ. ಕೌಂಟರಿನಲ್ಲಿರುವ ಹೆಂಗಸು ಪಟ್ಟಿ ನೋಡಿ ಮುಖ ಚಿಕ್ಕದು ಮಾಡಿದರು.

“ಇದು ವಾಪಸ್ ಕೊಡೋ ಹಾಗಿಲ್ಲ ಸರ್. ನಾಲ್ಕು ಆಕ್ಷೇಪ ಬಂದಿದೆ. ಮೂರಿದ್ರೆ ಬಿಡ್ತಿದ್ರು. ಯಾರೋ ಪುಣ್ಯಾತ್ಮರು ಕೂತು ಬರ್ದಿದಾರೆ ನೋಡಿ, ಅಕ್ಷರ ಮುತ್ತಿನ ಹಾಗಿದೆ.”

“ನಾನೇ” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಯ್ಯೋ ಸರ್” ಎಂದರು.

ನಿಮ್ಮ ಕಚೇರಿಗೆ ಎರಡು ಸಲ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಸಭ್ಯರು, ಕುರ್ಚಿ ಕೊಟ್ಟರು.

“ನೀವು ದೂರು ಕೊಟ್ರಿ, ನಾವು ಕ್ರಮ ತಗೊಂಡ್ವಿ. ಇನ್ನೇನ್ ಸರ್ ಬೇಕು?”

“ದೂರಲ್ಲ, ಸಂಶಯ.”

“ಸಂಶಯಕ್ಕೆ ಬೇರೆ ಕಾಲಂ ಇಲ್ವಲ್ಲ ಸರ್.”

ಆ ಸಂಶಯವೂ ತಪ್ಪೆಂದು ತಿಳಿದ ಮೇಲೆ ನಾಲ್ಕನೆಯದನ್ನು ಹೊಡೆದು ಹಾಕಿದ್ದೇನೆ ಎಂದೆ. ತಮ್ಮ ಕಡತದ ಪ್ರತಿಯಲ್ಲಿ ಹೊಡೆದಿಲ್ಲವಲ್ಲ ಎಂದು ಅವರು ತೋರಿಸಿದರು. ಆ ಮಾತು ನಿಜ. ನನ್ನ ತಾಯಿ ನೇಯುತ್ತಿದ್ದವಳು, ಅವಳೇ ಹೇಳಿದ್ದಾಳೆ ಎಂದೆ. “ತಾಯಿಯವ್ರು ಗಿರಣೀಲಿದ್ರು ಅನ್ನೋಕೆ ದಾಖಲೆ ಏನಾದ್ರೂ?” ಎಂದು ಕೇಳಿದರು. ಹಾಜರಿ ಪುಸ್ತಕಗಳು ಗಿರಣಿಯ ಜೊತೆಗೇ ಹೋದವು. ನಾನು ಎದ್ದು ಬಂದೆ. ನಿಮ್ಮ ಮೆಟ್ಟಿಲ ಮೇಲೆ ನಿಂತಾಗ ಉತ್ತರ ಹೊಳೆಯಿತು. ನನಗೆ ಯಾವಾಗಲೂ ಹಾಗೆಯೇ. ದಾಖಲೆ ಇದೆ: ಅವಳ ಕಿವಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ತಮ್ಮ ಕಚೇರಿಗೆ ಕನ್ನಡಿ ಮಾತ್ರ ಸಾಲದು, ಅದರ ದೃಢೀಕೃತ ನಕಲೂ ಬೇಕು.

ಮುಂದಿನ ಕಥೆ ನನಗೆ ಗೊತ್ತಿದೆ, ನಾನೇ ಹೇಳಿಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ. “ನೀನು ಹೇಳಿದ್ರೆ ನನ್ನ ಮುಖ ನೋಡ್ಕೊಂಡು ಹೇಳ್ತೀಯ. ಪುಸ್ತಕಕ್ಕೆ ನಾನು ಯಾರೂ ಅಲ್ಲ. ಅದೇ ಹೇಳ್ಲಿ.”

ಮೂವತ್ತು ವರ್ಷ ಕಾದಂಬರಿಗಳನ್ನು ಅಳೆದ ನನಗೆ ಅವುಗಳ ಬಗ್ಗೆ ಇಷ್ಟು ಸರಿಯಾದ ಮಾತು ಹೊಳೆದಿರಲಿಲ್ಲ. ಇನ್ನೊಂದು ಮಾತು ಮಾತ್ರ ಹೊಳೆದಿದೆ, ಅದು ಸುಖದ್ದಲ್ಲ. ಯಾರು ನೋಡುತ್ತಿದ್ದಾರೆಂದು ತಿಳಿಯದೆ ನಾನೂ ಬಾಯಿಬಿಟ್ಟೆ. ನಾನು ಮುಂದಿನ ಓದುಗರಿಗೆ ಹೇಳಿದ್ದನ್ನು ಕಂಬದ ಪಕ್ಕ ನಿಂತವರು ಓದಿದರು. ನಾನೂ ಕೈ ಅಡ್ಡ ಇಟ್ಟಿರಲಿಲ್ಲ. ಅಮ್ಮನಿಗೆ ಅದು ನೆನಪಿಲ್ಲ. ನನಗೆ ಚೆನ್ನಾಗಿ ನೆನಪಿದೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು, ತಮ್ಮ ನಿಯಮದ ಒಳಗೇ ಇದೆ. ನೆಲಮಾಳಿಗೆಯ ಚೀಲಗಳನ್ನು ಬಿಚ್ಚಿಸಿ. ಗಿರಣಿಯ ಕಾದಂಬರಿಯ ಹಿಂಬದಿಯ ಲಕೋಟೆಯಲ್ಲಿ ನನ್ನ ಚೀಟಿಯಿದೆ. ಅದರಲ್ಲಿ ನಾಲ್ಕನೇ ಸಾಲನ್ನು ಹೊಡೆದು ಸಹಿ ಮಾಡಿರುವುದನ್ನು ನೋಡಿ. ಉಳಿಯುವುದು ಮೂರು. ಮೂರಿದ್ದರೆ ಬಿಡುತ್ತೀರಿ. ಇನ್ನುಳಿದ ನಲವತ್ತೆರಡರಲ್ಲಿಯೂ ನನ್ನ ಚೀಟಿಗಳು ಇದ್ದಾವು. ಅವುಗಳನ್ನೆಲ್ಲ ಕೂತು ಮತ್ತೆ ನೋಡಲು ನನಗೆ ಒಂದು ಮೇಜು ಕೊಡಿ, ಲಾರಿಯನ್ನು ಅಲ್ಲಿಯವರೆಗೆ ನಿಲ್ಲಿಸಿ. ನಾನು ಬರೆದದ್ದರಲ್ಲಿ ಎಷ್ಟು ತಪ್ಪು, ಎಷ್ಟು ನನ್ನ ಅಜ್ಞಾನ ಎಂದು ನನಗೀಗ ಖಾತ್ರಿಯಿಲ್ಲ.

ಹದಿನೈದನೇ ಅಧ್ಯಾಯದಲ್ಲಿ ಆ ಮೇಸ್ತ್ರಿಗೆ ಗೊತ್ತಾಗುತ್ತದೆಯೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರವನ್ನೂ ಅವಳಿಗೆ ಓದಿ ತೋರಿಸಬೇಕು. ಕಿಟಕಿಯ ಪಕ್ಕದ ಎರಡು ಕುರ್ಚಿಗಳು ಇದ್ದಲ್ಲೇ ಇವೆ. ಬೆಳಕು ಸಂಜೆ ನಾಲ್ಕೂವರೆಯವರೆಗೆ ಇರುತ್ತದೆ. ಮೀಸೆಯನ್ನು ನಾನು ಮತ್ತೆ ಬಿಟ್ಟಿಲ್ಲ.

ಇಂತಿ,
ಮೂರು ತಪ್ಪು ಹಿಡಿದು, ನಾಲ್ಕನೆಯದನ್ನು ತಾನೇ ಮಾಡಿದ
ನಿಮ್ಮ ಗ್ರಂಥಾಲಯದ ಹಳೆಯ ಓದುಗ