ಮೆಟ್ಟಿಲಿಲ್ಲದ ದಾರಿ

ಅಪ್ಪನಿಗೆ ನಮಸ್ಕಾರ.

ಉದ್ಯಾನದ ಗುಡ್ಡಕ್ಕೆ ನಾನು ಮಾಡಿಸುತ್ತಿದ್ದ ಕಾಲುದಾರಿಯನ್ನು ನಿನ್ನೆ ಜನರಿಗೆ ಬಿಟ್ಟೆವು. “ಮೆಟ್ಟಿಲಿಲ್ದೆ ಗುಡ್ಡ ಹತ್ತಿಸ್ತೀಯಾ?” ಎಂದು ನಕ್ಕಿದ್ದಿರಿ. ಮರಗಳ ನಡುವೆ ಏಳು ತಿರುವು ಕೊಟ್ಟು ಹತ್ತಿಸಿದ್ದೇನೆ. ಒಂದು ಮರವನ್ನೂ ಕಡಿಸಲಿಲ್ಲ. ನೀವು ಮೇಸ್ತ್ರಿಯಾಗಿದ್ದಾಗ ಕಟ್ಟಿದ ಮೆಟ್ಟಿಲುಗಳು ಪಕ್ಕದಲ್ಲೇ ಇವೆ, ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ.

ಮೊದಲು ಬಂದವರು ಊರುಗೋಲು ಹಿಡಿದ ಒಬ್ಬ ಅಜ್ಜಿ. ಮೂರು ಕಡೆ ಕೂತು ಸುಧಾರಿಸಿಕೊಂಡು ತುದಿ ಮುಟ್ಟಿದರು. ಕೆಳಗಿನ ಊರನ್ನೆಲ್ಲ ಕಣ್ತುಂಬ ನೋಡಿ, “ಇಲ್ಲಿಗೆ ಹತ್ತಿ ಬಂದು ಹನ್ನೆರಡು ವರ್ಷ ಆಯ್ತಮ್ಮ. ಯಾರು ಮಾಡಿದ್ದು ಈ ದಾರಿ?” ಎಂದರು.

“ನಾನೇ” ಎಂದೆ.

ನಿಮ್ಮ ಮೊಣಕಾಲಿನ ನೆಪ ಇನ್ನು ನಡೆಯುವುದಿಲ್ಲ. ಭಾನುವಾರ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಬನ್ನಿ. ಕೆಲಸದಲ್ಲಿ ತಪ್ಪು ಸಿಕ್ಕರೆ ಬೈಯಿರಿ. ಸಿಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು.

ಇಂತಿ,
ನಿಮ್ಮ ಮಗಳು, ಮೇಸ್ತ್ರಿ