ಉಪವಾಸಕ್ಕೆ ಸಲ್ಲುವುದು

ಕಾರ್ಡಿತ್ಸಾ
ಮಹಾ ಉಪವಾಸದ ಮೂರನೆಯ ವಾರ, ಬುಧವಾರ

ಗುಡ್ಡದ ಮಠದ ಸನ್ಯಾಸಿನಿ ಪರ್ಥೇನಿಯಾ ಅಕ್ಕನಿಗೆ, ನಿನ್ನ ಕೈಗೆ ಮುತ್ತಿಟ್ಟು ತಂಗಿ ಬರೆಯುವುದು.

ಇವತ್ತು ಎಣ್ಣೆಯೂ ಮುಟ್ಟದ ಉಪವಾಸ. ಬೆಳಿಗ್ಗೆ ದೇವಮಾತೆಯ ಮುಂದೆ ದೀಪ ಹಚ್ಚಿ, ಕಾಳು ಬೇಯಿಸಿಟ್ಟು, ಗೂಡಂಗಡಿಯ ಮುಂದೆ ಗುಡಿಸಿ, ಪೇಪರುಗಳನ್ನು ತಂತಿಗೆ ಸಿಕ್ಕಿಸಿ ಕೂತಿದ್ದೇನೆ. ಇಷ್ಟಕ್ಕೇ ಮೈ ಸೋತುಹೋಯಿತು.

ನನ್ನ ಗಂಡ ಅರ್ಗೀರಿಸ್ ಅವರ ಎದೆಗೆ ಸ್ಟೆಂಟ್ ಹಾಕಿದ್ದು ನಿನಗೆ ಗೊತ್ತು. ಇನ್ನು ಸೇದಿದರೆ ಬದುಕುವ ಮಾತೇ ಇಲ್ಲ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಅದಕ್ಕೇ ಉಪವಾಸ ಶುರುವಾದಾಗ ನನ್ನ ಗಂಡ ತಂಬಾಕು ಮುಟ್ಟುವುದಿಲ್ಲವೆಂದು ಹರಕೆ ಹೊತ್ತರು.

ಅದೇ ವಾರ ಸಗಟು ವ್ಯಾಪಾರಿಯ ಕಡೆಯವನು ಗಾಂಜಾ ಹೂವಿನ ಪೊಟ್ಟಣ ತಂದ. ಅಮಲು ಬಾರದ ತಳಿಯಂತೆ, ಕಾನೂನಿನ ಒಪ್ಪಿಗೆ ಇದೆಯಂತೆ. “ತಂಬಾಕಿನ ಪಕ್ಕದಲ್ಲೇ ಇಡಿ ಅತ್ತಿಗೆ. ಇದನ್ನ ತಗೊಂಡೋರು ಬೆರೆಸಿ ಸುತ್ತೋಕೆ ಅದನ್ನೂ ತಗೊಂಡೇ ಹೋಗ್ತಾರೆ” ಎಂದ. ಆ ಮಾತಿಗೇ ಹೆದರಿ ನಾನು ಪೊಟ್ಟಣಗಳನ್ನು ತಂಬಾಕಿನಿಂದ ದೂರ, ಎಳ್ಳಿನ ಹಲ್ವಾ ಇಡುವ ಹಲಗೆಯಲ್ಲಿ ಇಟ್ಟೆ. ಆ ಹಲಗೆಗೆ ಪ್ರತಿವರ್ಷದಂತೆ ‘ಉಪವಾಸಕ್ಕೆ ಸಲ್ಲುತ್ತದೆ’ ಎಂದು ಬರೆದು ಅಂಟಿಸಿದ್ದೆ. ಎದುರಿನ ಕ್ಷೌರಿಕ ಫೋಟಿಸ್, “ಏನಮ್ಮಾ, ಬಿಷಪ್ಪರ ಅಪ್ಪಣೆ ಆಯ್ತಾ?” ಎಂದ. ಹಲ್ವಾ ಬಗ್ಗೆ ಅಂದುಕೊಂಡು, ಯಾವಾಗಲೂ ಆಗಿದೆಯಪ್ಪಾ ಎಂದುಬಿಟ್ಟೆ.

ಮಧ್ಯಾಹ್ನ ಅಂಗಡಿಯಲ್ಲಿ ಕೂರುವುದು ಅರ್ಗೀರಿಸ್ ಅವರೇ. ಹೋದ ವಾರ ಅವರ ಕೋಟು ಒಗೆಯಲು ತೆಗೆದರೆ ತಂಬಾಕಿನ ಘಾಟು. ಕೇಳಿದ್ದಕ್ಕೆ, “ನೀನೇ ಬರ್ದಿದ್ದೀಯಲ್ಲೇ, ಉಪವಾಸಕ್ಕೆ ಸಲ್ಲತ್ತೆ ಅಂತ. ಆ ಹೂವು ಗಿಡದ್ದು ಕಣೇ. ಮಾಂಸ ಇಲ್ಲ, ಎಣ್ಣೆ ಇಲ್ಲ” ಎಂದರು. ತಂಬಾಕು ಯಾಕೆ ಬೆರೆಸಿದಿರಿ ಎಂದೆ. “ಚೆನ್ನಾಗಿ ಉರೀಲಿ ಅಂತ ಒಂಚೂರು. ಉಪ್ಪು ಹಾಕ್ದೆ ಸಾರು ಮಾಡ್ತೀಯಾ ನೀನು?” ನನಗೆ ನಗು ಬಂತು ಅಕ್ಕ, ಅದಕ್ಕೇ ನಾಚಿಕೆ. ಒಂಚೂರು ಎಂದವರು ಈಗ ಬರೀ ತಂಬಾಕನ್ನೇ ಸೇದುತ್ತಾರೆ. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾರೆ.

ಯಾರಿಗೂ ಹೇಳುವುದಿಲ್ಲವೆಂದು ದೇವಮಾತೆಯ ಪಟದ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದರು. ಸೋಮವಾರ ಡಾಕ್ಟರು ಕೇಳಿದಾಗ, “ಮುಟ್ಟೇ ಇಲ್ಲ ಡಾಕ್ಟ್ರೇ” ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಕೈಚೀಲದ ಒಳಗೆ ನೋಡುತ್ತಾ ಕೂತೆ. ಮಾತ್ರೆ ಸಾಲುತ್ತಿಲ್ಲವೇನೋ ಎಂದು ಅವರು ಹೆಚ್ಚಿಸಿ ಕೊಟ್ಟರು.

ಪೊಟ್ಟಣಗಳನ್ನು ವಾಪಸು ಕಳಿಸಿದ್ದೇನೆ. ತಂಬಾಕನ್ನೂ ಕಳಿಸಿದರೆ ಗೂಡಂಗಡಿಯಲ್ಲಿ ಉಳಿಯುವುದು ಪೇಪರು, ಪೆಪ್ಪರ್‌ಮಿಂಟು. ಅದರಲ್ಲಿ ಹೊಟ್ಟೆ ತುಂಬದು. ಅಂಥ ಆಣೆ ಮುರಿದರೆ ಪಾಪವೇ ಅಕ್ಕ? ಇಲ್ಲಿನ ಪಾದ್ರಿಗಳನ್ನು ಕೇಳೋಣವೆಂದರೆ ಅವರೇ ದಿನಾ ನನ್ನ ಹತ್ತಿರ ಸಿಗರೇಟು ಕೊಳ್ಳುವವರು.

ನಿನ್ನ ಪ್ರಾರ್ಥನೆಯಲ್ಲಿ ನಮ್ಮಿಬ್ಬರ ಹೆಸರೂ ಇರಲಿ.

ನಿನ್ನ ತಂಗಿ,
ಸ್ತಮಾತಿಯಾ

ಮರೆಯುವ ಮುಂಚೆ: ಪಾಪವೋ ಅಲ್ಲವೋ, ಡಾಕ್ಟರಿಗೆ ನಿನ್ನೆಯೇ ಫೋನ್ ಮಾಡಿ ಹೇಳಿಬಿಟ್ಟೆ. ನಾಳಿದ್ದು ಅವರನ್ನು ಕರೆದುಕೊಂಡು ಬಾ ಎಂದಿದ್ದಾರೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ನೀನು ಉತ್ತರವನ್ನು ಅರ್ಗೀರಿಸ್ ಅವರ ಹೆಸರಿಗೇ ಬರೆ. ನಿನ್ನ ಮಾತಿಗೆ ಅವರು ಎದುರಾಡುವುದಿಲ್ಲ. ನಾಳೆ ಮಠಕ್ಕೆ ರೊಟ್ಟಿಯ ಜೊತೆ ಈ ಕಾಗದವನ್ನೂ ತರುವ ಥೋಮಾಸನಿಗೆ, ನಿನ್ನ ಉತ್ತರ ಇಸಿದುಕೊಳ್ಳದೆ ಗುಡ್ಡ ಇಳಿಯಬೇಡ ಎಂದು ಹೇಳಿದ್ದೇನೆ.