ಲೇಯಾಹಿಯ ಮೊದಲ ಗುಂಡು

ಅಕ್ಟೋಬರ್ 12, 1914. ಸೋಮವಾರ. ಹೊನೊಲುಲು

ಬೆಳಿಗ್ಗೆ ಎರಡು ಹಡಗು ಬಂದರಿನೊಳಗೆ ತಂದೆ. ಒಂದು ಸಕ್ಕರೆ ಒಯ್ಯಲು ಬಂದದ್ದು, ಇನ್ನೊಂದು ಮರದ ದಿಮ್ಮಿ ತಂದ ಹಡಗು. ತೆಂಕಣ ಅಲೆ ಜೋರು. ಹವಳದ ದಿಬ್ಬ ಪಕ್ಕದಲ್ಲೇ ನೊರೆಗರೆಯುವುದನ್ನು ಕಂಡು ಮರದ ಹಡಗಿನ ಕ್ಯಾಪ್ಟನ್ ಬೆವೆತುಹೋದ. ಸುಮ್ಮನಿರಪ್ಪ, ಇದು ನನ್ನ ಅಂಗಳ ಅಂದೆ. ಯುರೋಪಿನಲ್ಲಿ ಯುದ್ಧ ಶುರುವಾದ ವಾರವೇ ಬಂದರಿನ ದಾರಿಯ ತೇಲುಗುರುತುಗಳನ್ನೆಲ್ಲ ಕಿತ್ತು ದಡಕ್ಕೆ ಹಾಕಿದ್ದೇವೆ. ಈಗ ದಾರಿ ಇರುವುದು ಹಡಗು ಒಳಗೆ ತರುವ ನಮ್ಮ ಕೆಲವು ಪೈಲಟ್‌ಗಳ ತಲೆಯಲ್ಲಿ ಮಾತ್ರ. ಯಾವ ದೊರೆಯ ಹಡಗಾದರೂ ಹೊರಗೆ ನಿಂತು, ಬಾವುಟ ಏರಿಸಿ, ನಮ್ಮನ್ನು ಕರೆಯಬೇಕು.

ಮಧ್ಯಾಹ್ನ ತಂಗಿ ಕಲಾಲಾ ಮನೆಯಲ್ಲಿ ಊಟ. ಕೆಸುವಿನ ಗಡ್ಡೆಯ ಪೋಯಿ, ಒಣಮೀನು. ಅವಳ ಗಂಡ ಮಾಹೋಯೆ ಲೇಯಾಹಿ ಬೆಟ್ಟದ ಕೋಟೆಯಿಂದ ರಜೆಯ ಮೇಲೆ ಬಂದಿದ್ದ. ಅಲ್ಲಿನ ಫಿರಂಗಿಗಳಿಗೆಲ್ಲ ಅವನೇ ಯಜಮಾನ. ಇಪ್ಪತ್ತು ವರ್ಷದ ಹಿಂದೆ ಸಕ್ಕರೆ ತೋಟದ ಸಾಹುಕಾರರು ಅರಮನೆ ಕಬಳಿಸಲು ಬಂದಾಗ ನಮ್ಮ ಕಾವಲುಪಡೆ ಬಗ್ಗಲಿಲ್ಲ. ಆಮೇಲೆ ಅದೇ ಸಕ್ಕರೆಯ ಸುಂಕದಲ್ಲಿ ಕೊಂಡ ಫಿರಂಗಿಗಳು ಅವು. ನಾನು ಎಂದಿನಂತೆ ಕೆಣಕಿದೆ. ವರ್ಷಕ್ಕೊಮ್ಮೆ ರಾಣಿಯ ಹುಟ್ಟುಹಬ್ಬಕ್ಕೆ ಹೊಗೆ ಬಿಡುವ ಒಲೆ ಕಾಯಲು ಇಷ್ಟು ಜನವೇ ಎಂದೆ. ಅವನು ಮೀನಿನ ಮುಳ್ಳು ತೆಗೆಯುತ್ತಾ, "ಒಲೆನೇ ಅನ್ನು ಭಾವ. ಉರಿಯೋ ದಿನ ಮಾತ್ರ ಸ್ವಲ್ಪ ದೂರ ನಿಂತ್ಕೋ," ಅಂದ.

ಅಕ್ಟೋಬರ್ 14, ಬುಧವಾರ

ಜರ್ಮನರ ಸಣ್ಣ ಯುದ್ಧಹಡಗು ಲೆರ್ಖೆ ಕುಂಟುತ್ತಾ ಬಂತು. ಬಾಯ್ಲರ್ ಹೋಗಿದೆ. ಕಲ್ಲಿದ್ದಲು ಮುಗಿದು ಊಟದ ಮೇಜುಗಳನ್ನು ಸುಡುತ್ತಿದ್ದಾರೆ. ನಾನೇ ಒಳಗೆ ತಂದೆ. ಕ್ಯಾಪ್ಟನ್ ಬ್ರಾಂಟ್ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಎಷ್ಟು ದಿನ ಮಲಗಿಲ್ಲವೋ.

ನಿಯಮ ಓದಿ ಹೇಳಿದೆ. ನಮ್ಮ ರಾಜ್ಯ ಯಾರ ಪಕ್ಷವೂ ಅಲ್ಲ. ಯುದ್ಧ ಮಾಡುತ್ತಿರುವ ಯಾರ ಹಡಗಿಗೂ ಇಲ್ಲಿ ಒಂದೇ ದಿನ. ಅಷ್ಟರಲ್ಲಿ ಹೊರಡಬೇಕು. ಇಲ್ಲವೇ ಆಯುಧ ಒಪ್ಪಿಸಿ, ಯುದ್ಧ ಮುಗಿಯುವವರೆಗೆ ನಮ್ಮ ಕಾವಲಿನಲ್ಲಿ ಇರಬೇಕು.

ಅಕ್ಟೋಬರ್ 15, ಗುರುವಾರ

ಹೊರಗೆ ಇಂಗ್ಲಿಷರ ದೊಡ್ಡ ಯುದ್ಧಹಡಗು, ಕ್ರೂಸರ್ ಮೆರಿಡಿಯನ್. ಬೆಳಗಾಗುತ್ತಲೇ ಪ್ರತ್ಯಕ್ಷ. ಲೆರ್ಖೆಯಂಥವು ನಾಲ್ಕನ್ನು ಅದರ ಹೊಟ್ಟೆಯಲ್ಲಿ ಇಡಬಹುದು. ಹೊರಗೆ ಹೋದರೆ ಬ್ರಾಂಟ್ ಸತ್ತ.

ಇನ್ನೆರಡು ದಿನ ಕೊಡಿ, ಬಾಯ್ಲರ್ ಸರಿಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡ. ನನಗೂ ಪಾಪ ಅನಿಸಿತು. ಬಂದರಿನ ಮುಖ್ಯಸ್ಥ ಪಲೇಕಾ ಮಾತ್ರ ಅಲುಗಲಿಲ್ಲ. ಇವನಿಗೆ ಒಂದು ಗಂಟೆ ಹೆಚ್ಚು ಕೊಟ್ಟರೆ ನಾಳೆ ಅವನಿಗೆ ಇಲ್ಲ ಅನ್ನುವ ಬಾಯಿ ನಮಗಿರುವುದಿಲ್ಲ ಅಂದರು. ಸರಿಯೇ.

ಸಂಜೆ ಬ್ರಾಂಟ್ ತನ್ನ ಬಾವುಟ ತಾನೇ ಇಳಿಸಿದ. ನಮ್ಮವರು ಅವನ ಫಿರಂಗಿಗಳು ಸಿಡಿಯದಂತೆ ಅವುಗಳ ಹಿಂಬದಿಯ ಮುಚ್ಚಳ ಬಿಚ್ಚಿ ದಡಕ್ಕೆ ಸಾಗಿಸಿದರು. ಯಾರೂ ನಗಲಿಲ್ಲ. ದಕ್ಕೆಯ ಮೇಲಿದ್ದ ಹೆಂಗಸರು ಅವನ ಹುಡುಗರಿಗೆ ಬಾಳೆಹಣ್ಣು ಕೊಟ್ಟರು.

ಅಕ್ಟೋಬರ್ 16, ಶುಕ್ರವಾರ. ಮಧ್ಯಾಹ್ನ

ಲೆರ್ಖೆಯನ್ನು ತಮಗೆ ಒಪ್ಪಿಸಬೇಕಂತೆ. ಮೆರಿಡಿಯನ್ ಸಿಗ್ನಲ್ ಕೊಟ್ಟಿದೆ. ಆಗದು ಎಂಬ ಅರಮನೆಯ ಉತ್ತರ ನಾನು ಒಯ್ಯಬೇಕು. ಸಂಜೆಯೊಳಗೆ ವಾಪಸ್.

ಅಕ್ಟೋಬರ್ 18, ಭಾನುವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ.

ಶುಕ್ರವಾರ ಮೆರಿಡಿಯನ್ ಏರಿದೆ. ಕ್ಯಾಪ್ಟನ್ ಹ್ಯಾರೋಬಿ, ತೆಳ್ಳಗಿನ ಮನುಷ್ಯ. ಮರ್ಯಾದೆಯಿಂದ ಚಹಾ ಕೊಡಿಸಿದ. ಅರಮನೆಯ ಉತ್ತರ ಓದಿ, ಮಡಿಸಿ, ಬಟ್ಟಲಿನ ಕೆಳಗಿಟ್ಟ. ಆಮೇಲೆ, ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಅಂದ. ಅಪ್ಪಣೆ ಇಲ್ಲ ಅಂದೆ.

"ನೀವು ಈಗ ಇರೋದು ನನ್ನ ಹಡಗಲ್ಲಿ, ಮಿಸ್ಟರ್ ನಾಹುಲು."

"ಹಡಗು ನಿಮ್ಮದೇ. ಅದು ನಿಂತಿರೋ ನೀರು ನಮ್ಮದು."

ನನ್ನ ದೋಣಿಯವರನ್ನು ಮಾತ್ರ ವಾಪಸ್ ಕಳಿಸಿದ. ನನ್ನನ್ನು ಇಳಿಯಲು ಬಿಡಲಿಲ್ಲ. ಅಂದರೆ ನಾನು ಎಲ್ಲಿದ್ದೇನೆಂದು ಅಂದೇ ಸಂಜೆ ಊರಿಗೆಲ್ಲ ಗೊತ್ತು. ಕೋಟೆಗೂ ಗೊತ್ತು.

ಶನಿವಾರ ಬೆಳಿಗ್ಗೆ ಮೆರಿಡಿಯನ್ ಬಂದರಿನ ಕಡೆ ಮೂತಿ ತಿರುಗಿಸಿತು. ಹಳೆಯ ನಕ್ಷೆ ಹರವಿಕೊಂಡು, ಸೀಸದ ಗುಂಡು ಇಳಿಸಿ ಆಳ ನೋಡುತ್ತಾ, ಮೆಲ್ಲಗೆ. ನನ್ನನ್ನು ಹಡಗು ನಡೆಸುವ ಅಟ್ಟಣೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಇವನಿರುವಾಗ ಯಾರು ಹೊಡೆದಾರು— ಅದು ಹ್ಯಾರೋಬಿಯ ಲೆಕ್ಕ. ಹಡಗು ನಿಲ್ಲಿಸಿ ಎಂಬ ಬಾವುಟ ಲೇಯಾಹಿಯ ಮೇಲೆ ಏರಿತು. ಹ್ಯಾರೋಬಿ ಕಂಡೂ ಕಾಣದವನಂತಿದ್ದ. ಬಾವುಟ ಇಳಿಯಿತು, ಮತ್ತೆ ಏರಿತು. ಹಡಗು ನಿಲ್ಲಲಿಲ್ಲ.

ಬೆಟ್ಟದ ಮೇಲೊಂದು ಬಿಳಿ ಹೊಗೆ. ಸದ್ದು ಆಮೇಲೆ ಬಂತು. ಹಡಗಿನ ಮೂತಿಯ ಮುಂದೆ ನೀರು ತೆಂಗಿನ ಮರದಷ್ಟು ಎತ್ತರ ಎದ್ದು ನಮ್ಮ ಮೇಲೆಲ್ಲ ಬಿತ್ತು. ಸುಳ್ಳೇಕೆ, ಕಟಕಟೆ ಹಿಡಿದುಕೊಂಡೆ. ಆದರೆ ಹೆದರಿಕೆಯ ಒಳಗೇ ಇನ್ನೊಂದು ಏಳುತ್ತಿತ್ತು... ನಮ್ಮ ಗುಂಡು! ನಮ್ಮ ಬೆಟ್ಟದಿಂದ!

ಹ್ಯಾರೋಬಿ ಮುಖದ ಉಪ್ಪುನೀರು ಒರೆಸಿಕೊಂಡು ನನ್ನ ಕಡೆ ತಿರುಗಿದ.

"ನೀವು ಇಲ್ಲಿರೋದು ನಿಮ್ಮ ಜನಕ್ಕೆ ಗೊತ್ತಿಲ್ವಾ?"

"ಗೊತ್ತು. ಹೊಡೆದವನು ನನ್ನ ತಂಗಿ ಗಂಡ."

ಹ್ಯಾರೋಬಿ ನನ್ನನ್ನೇ ನೋಡಿದ. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದ. ಬೇಕಾದರೆ ಕೆಳಗೆ ಹೋಗಿ ಅಂದ. ಪೈಲಟ್ ನಿಲ್ಲುವ ಜಾಗ ಇದೇ ಅಂದೆ. ಆಗ ಅವನು ಎಂಜಿನ್ ನಿಲ್ಲಿಸುವಂತೆ ಹೇಳಿದ. ಹಡಗು ನಿಧಾನಕ್ಕೆ ತಿರುಗಿತು.

ದಡದಿಂದ ನನ್ನ ದೋಣಿ ಕರೆಸಿ, ನನ್ನನ್ನು ಇಳಿಸುವಾಗ ಏಣಿಯವರೆಗೆ ತಾನೇ ಬಂದ. ತಪ್ಪಾಯಿತು ಅನ್ನಲಿಲ್ಲ. ಇಂಥವರಿಗೆ ಆ ಮಾತು ಬರುವುದಿಲ್ಲವೇನೋ. ಆದರೆ ನನ್ನ ದೋಣಿ ದಡದ ಹಾದಿಯಲ್ಲಿ ಅರ್ಧ ಬಂದಿರುವಾಗ ಹಿಂದಿನಿಂದ ಫಿರಂಗಿ ಗುಡುಗಿತು. ಹೌಹಾರಿ ತಿರುಗಿದೆ. ಬರೀ ಮದ್ದು, ಗುಂಡಿಲ್ಲ. ಮೆರಿಡಿಯನ್ ನೆತ್ತಿಯ ಮೇಲೆ ನಮ್ಮ ಬಾವುಟ ಹಾರಿಸಿ ವಂದನೆ ಸಲ್ಲಿಸುತ್ತಿತ್ತು. ಒಂದಾದ ಮೇಲೊಂದು, ದೊಡ್ಡ ರಾಜ್ಯಗಳಿಗೆ ಕೊಡುವಷ್ಟೂ ಕುಶಾಲತೋಪು. ಲೇಯಾಹಿ ಅಷ್ಟಕ್ಕೂ ಉತ್ತರ ಕೊಟ್ಟಿತು. ಹುಟ್ಟು ಹಾಕುತ್ತಿದ್ದವರು ಹುಟ್ಟು ಬಿಟ್ಟು ಎದ್ದು ನಿಂತರು. ದೋಣಿ ಮಗುಚಿದರೂ ಚಿಂತೆಯಿಲ್ಲ ಎಂಬಂತೆ. ನಾನೂ ನಿಂತೆ.

ಅಕ್ಟೋಬರ್ 20, ಮಂಗಳವಾರ

ಶನಿವಾರದಿಂದ ಕಲಾಲಾ ನನ್ನ ಮನೆಯಲ್ಲೇ ಇದ್ದಾಳೆ. ದಿಂಬು ಚಾಪೆ ಸಮೇತ ಬಂದಿದ್ದಾಳೆ. ಗಂಡನ ಹೆಸರು ಎತ್ತುವಂತಿಲ್ಲ. ಊರೆಲ್ಲ ಅವನ ಕೊರಳಿಗೆ ಹೂಮಾಲೆ ಹಾಕುತ್ತಿದೆ, ಹೆಂಡತಿ ಮಾತಾಡುತ್ತಿಲ್ಲ.

ಇವತ್ತು ಮಾಹೋಯೆ ಬಂದ. ಜಗುಲಿಯ ತುದಿಯಲ್ಲಿ ಕೂತ. ಇಬ್ಬರೂ ಬಹಳ ಹೊತ್ತು ಮೀನು, ಮಳೆ ಅಂತ ಏನೇನೋ ಮಾತಾಡಿದೆವು. ಕೊನೆಗೆ ನಾನೇ ಕೇಳಿದೆ.

"ಎರಡನೇ ಗುಂಡು ತುಂಬಿದ್ದೆಯಾ?"

"ತುಂಬಿದ್ದೆ."

"ಗುರಿ?"

ಅವನು ತನ್ನ ಅಂಗೈ ನೋಡಿಕೊಂಡ. "ಅಟ್ಟಣೆ, ಭಾವ. ದುರ್ಬೀನಲ್ಲಿ ನಿನ್ನ ಬಿಳಿ ಟೋಪಿ ಕಾಣ್ತಿತ್ತು. ಕೆಳಗೆ ಹೋಗೋ ಮಾರಾಯ, ಹೋಗೋ ಅಂತ ಬಾಯಲ್ಲೇ ಅಂದ್ಕೋತಿದ್ದೆ. ನೀನು ಹಂದಾಡ್ಲಿಲ್ಲ."

"ಹಡಗು ನಿಲ್ಲದಿದ್ರೆ?"

"ಹೊಡೀತಿದ್ದೆ."

ಕಣ್ಣು ತಪ್ಪಿಸದೆ ಹೇಳಿದ. ಬೇರೆ ಉತ್ತರ ಬಂದಿದ್ದರೆ ನಾನೇ ಅವನ ಮುಖ ನೋಡುತ್ತಿರಲಿಲ್ಲ. ಎದೆ ತುಂಬಿ ಬಂತು. ಯಾಕೆಂದು ಬೇರೆ ಊರಿನವರಿಗೆ ಹೇಳಿದರೆ ಹುಚ್ಚ ಅಂದಾರು.

ಕಲಾಲಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಚಾಪೆ ಸುತ್ತಿಕೊಂಡೇ ಹೊರಗೆ ಬಂದಳು. ಮುಖ ಊದಿತ್ತು.

"ನನ್ನ ಅಣ್ಣನ್ನ ಹೊಡೆದಿದ್ರೆ ಸಾಯೋವರೆಗೂ ನಿನ್ನ ಹತ್ರ ಬರ್ತಿರ್ಲಿಲ್ಲ," ಅಂದಳು ಗಂಡನಿಗೆ. ಚಾಪೆಯನ್ನು ಅವನ ಕೈಗೆ ತುರುಕಿದಳು. "ಹೊಡೀದೆ ಅವರನ್ನ ಒಳಗೆ ಬಿಟ್ಟಿದ್ರೂ ಬರ್ತಿರ್ಲಿಲ್ಲ. ನಡಿ ಮನೆಗೆ."

ಹೋದರು. ಅವಳು ಮುಂದೆ, ಅವನು ಚಾಪೆ ಹೊತ್ತು ಹಿಂದೆ.

ನವೆಂಬರ್ 9, ಸೋಮವಾರ. ಬೆಳಿಗ್ಗೆ

ಮೆರಿಡಿಯನ್ ಮತ್ತೆ ಬಂದಿದೆ. ಬಡಗಣ ಬಿರುಗಾಳಿಗೆ ಸಿಕ್ಕಿ ಒಂದು ಕಂಬ ಮುರಿದಿದೆ. ಕಲ್ಲಿದ್ದಲು ತಳ ಕಂಡಿದೆಯಂತೆ. ಒಳಗೆ ಬರಲು ಅಪ್ಪಣೆ ಬೇಡಿದೆ. ಅರಮನೆ ಕೊಟ್ಟಿದೆ. ಒಂದು ದಿನ.

ಬೇರೆ ಪೈಲಟ್ ಕಳಿಸಲೇ ಎಂದು ಪಲೇಕಾ ಕೇಳಿದರು. ನನ್ನ ಸರದಿ, ನಾನೇ ಹೋಗುತ್ತೇನೆ ಅಂದೆ.

ದಕ್ಕೆಯ ಮೇಲೆ ಬ್ರಾಂಟ್ ಸಿಕ್ಕಿದ. ಈಗ ಅವನು ಇಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ದ್ವೀಪ ಬಿಡುವಂತಿಲ್ಲ ಅಷ್ಟೆ. ಹೊರಗಿನ ಹಡಗನ್ನೇ ನೋಡುತ್ತಿದ್ದ. ಅವರಿಗೆ ಎಷ್ಟು ದಿನ ಎಂದು ಕೇಳಿದ.

"ನಿಮಗೆ ಕೊಟ್ಟಷ್ಟೇ," ಅಂದೆ.

ಟೋಪಿ ಎತ್ತಿ ತಲೆಯಾಡಿಸಿದ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ.

ದೋಣಿ ಸಿದ್ಧ ಅಂತ ಕೆಳಗಿನಿಂದ ಕೂಗುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ— ನಮ್ಮ ನೀರಿನ ಗಡಿಯಾದ ಮೂರು ಮೈಲಿ ಗೆರೆಯ ಆಚೆಗೇ ನಿಂತಿದೆ. ಎಂಜಿನ್ ನಿಲ್ಲಿಸಿ, ಪೈಲಟ್ ಬೇಕು ಎಂಬ ಬಾವುಟ ಏರಿಸಿ. ಅಷ್ಟು ದೊಡ್ಡ ಹಡಗು, ನಮ್ಮ ಸಣ್ಣ ದೋಣಿಗಾಗಿ. ಸ್ವಲ್ಪ ಕಾಯಲಿ. ಈ ಸಾಲು ಮುಗಿಸಿ—